ಇಳಿಜಾರಿನ ಹಲಗೆಯೂ ಅಧಿಕಾರಿಭೇದವೂ

ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಕಟ್ಟಿದವರು ಅಲ್ಲಿನ ಗುಡ್ಡಗಳೊಡನೆ ಸಂಧಾನ ಮಾಡಿಕೊಳ್ಳುವ ಗೋಜಿಗೆ ಹೋದವರಲ್ಲ. ನಕಾಶೆಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಎಳೆದ ಸರಳರೇಖೆಗಳನ್ನು ಏರುತಗ್ಗುಗಳ ಪರಿವೆಯಿಲ್ಲದೆ ಹಾಗೆಯೇ ನೆಲಕ್ಕಿಳಿಸಿದ್ದರ ಫಲವಾಗಿ, ಹೈಡ್ ಮತ್ತು ಲೆವನ್‌ವರ್ತ್ ಬೀದಿಗಳ ನಡುವಣ ಫಿಲ್ಬರ್ಟ್ ಬೀದಿಯ ತುಂಡು ನೂರಕ್ಕೆ 31.5ರ ಪ್ರಮಾಣದಲ್ಲಿ ಇಳಿಯುತ್ತದೆ. ಇಂಥ ಬೀದಿಗಳಲ್ಲಿ ಗಾಡಿಯೆಳೆಯುವ ಕುದುರೆಗಳು ಪಡುತ್ತಿದ್ದ ಪಾಡೇ 1873ರಲ್ಲಿ ಆ ಊರಿಗೆ ಕೇಬಲ್ ಕಾರನ್ನು ತಂದಿತೆಂದು ಹೇಳುತ್ತಾರೆ. ಹೀಗೆ ಏರುವ ಸಂಕಟಕ್ಕೆ ಹತ್ತೊಂಬತ್ತನೆಯ ಶತಮಾನವೇ ಉಪಾಯವನ್ನು ಕಂಡುಕೊಂಡಿತು. ಇಳಿಯುವ ಸುಖಕ್ಕೆ, ಎಂದರೆ ಗಾಲಿಗಳುಳ್ಳ ಹಲಗೆಯೊಂದರ ಮೇಲೆ ನಿಂತು ಅದೇ ಬೀದಿಗಳನ್ನು ಕೈಕಾಲು ಮುರಿದುಕೊಳ್ಳದೆ ಇಳಿಯುವ ಸುಖಕ್ಕೆ, ಉಪಾಯ ದೊರೆತದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಅದರ ಹೆಸರು ಫ್ರೀಬೋರ್ಡ್. ಹಿಮದ ಮೇಲೆ ಜಾರುವ ಸ್ನೋಬೋರ್ಡಿನ ನಡೆಯನ್ನು ಡಾಂಬರಿನ ಮೇಲೆ ಅನುಕರಿಸುವ ಈ ಆರು ಗಾಲಿಯ ಹಲಗೆಯನ್ನು ಕೊಳ್ಳಹೊರಟವನು ತನ್ನ ಅಭ್ಯಾಸದ ಮಟ್ಟಕ್ಕೆ ತಕ್ಕದ್ದನ್ನು ಆರಿಸಿಕೊಳ್ಳುವ ಬಗೆ ಹೇಗೆ ಎಂಬುದೇ ಈ ವಾರದ ವಿಚಾರ. ಆ ನಗರದ ಸುತ್ತಲಿನ ಬೇ ಏರಿಯಾದಲ್ಲಿ ನೆಲಸಿರುವ ಕನ್ನಡದ ಕುಟುಂಬಗಳೇನೂ ಕಡಮೆಯಲ್ಲ. ಅಂಥ ಮನೆಯಲ್ಲಿ ಹದಿಹರೆಯದ ಮಗನೋ ಮಗಳೋ ಈ ಹಲಗೆಯನ್ನು ಬೇಡಿದಾಗ ತಂದೆತಾಯಂದಿರು ಬೆಲೆಯನ್ನೂ ಮಕ್ಕಳು ಬಣ್ಣವನ್ನೂ ನೋಡುವುದು ಸಹಜವಾದರೂ, ನೋಡಬೇಕಾದದ್ದು ಬೇರೆಯೇ ಇದೆ.

ಮೊದಲು ವೇಗದ ಲೆಕ್ಕವಾಗಲಿ. ಘರ್ಷಣೆಯನ್ನೂ ಗಾಳಿಯ ತಡೆಯನ್ನೂ ಕ್ಷಣಕಾಲ ಬದಿಗಿಟ್ಟು ನೋಡಿದರೆ, ಇಳಿಯುವ ವಸ್ತುವು ಗಳಿಸುವ ವೇಗಕ್ಕೆ ಅದು ಉರುಳಿದ ದೂರವಾಗಲಿ ಬೀದಿಯ ಕಡಿದಾಗಲಿ ಕಾರಣವಲ್ಲ. ಎಷ್ಟು ಎತ್ತರವನ್ನು ಕಳೆದುಕೊಂಡಿತೆಂಬುದೊಂದೇ ಕಾರಣ. ಮನೆಯ ಒಂದು ಮಹಡಿಯಷ್ಟು, ಎಂದರೆ 3 ಮೀಟರು, ಕೆಳಗಿಳಿದ ಹಲಗೆಯ ವೇಗ ಗಂಟೆಗೆ ಸುಮಾರು 28 ಕಿಲೋಮೀಟರು. 10 ಮೀಟರು ಇಳಿದರೆ ಅದು 50 ಕಿಲೋಮೀಟರಾಗುತ್ತದೆ. ನಿಜವಾದ ಬೀದಿಯಲ್ಲಿ ಈ ಅಂಕಿಗಳು ಕೊಂಚ ತಗ್ಗುವುವಾದರೂ, ಆಳು ದಪ್ಪವೋ ತೆಳುವೋ ಎಂಬ ಭೇದವಿಲ್ಲದೆ, ಕಡಿದಾದ ಬೀದಿಯಲ್ಲಿ ನಾಲ್ಕು ಮನೆ ದಾಟುವಷ್ಟರಲ್ಲಿ ಮನುಷ್ಯನು ಓಡಿ ನಿಲ್ಲಿಸಲಾರದ ವೇಗ ಒದಗಿಬರುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಾಮಾನ್ಯವಾದ ಸ್ಕೇಟ್‌ಬೋರ್ಡಿಗೆ ಬ್ರೇಕು ಇಲ್ಲ. ನಿಧಾನವಾಗಿ ಸಾಗುವಾಗ ಒಂದು ಕಾಲನ್ನು ನೆಲಕ್ಕೆ ಉಜ್ಜಿ ನಿಲ್ಲಿಸಬಹುದು; ವೇಗ ಹೆಚ್ಚಿದ ಮೇಲೆ ಹಲಗೆಯನ್ನೇ ಅಡ್ಡಕ್ಕೆ ತಿರುಗಿಸಿ ಗಾಲಿಗಳನ್ನು ಎಳೆದುಕೊಂಡು ಹೋಗುವಂತೆ ಮಾಡಬೇಕು. ಬರ್ಕ್ಲಿಯ ಗುಡ್ಡಗಳಲ್ಲಿ ಕ್ಲಿಫ್ ಕೋಲ್ಮನ್ ಎಂಬಾತನು ಒಂದು ಕೈಯನ್ನು ನೆಲಕ್ಕೂರಿ ಹೀಗೆ ಜಾರುವ ವಿಧಾನವನ್ನು ರೂಢಿಸಿದುದರಿಂದ ಅದಕ್ಕೆ ಇಂದಿಗೂ ಆತನ ಹೆಸರೇ ಇದೆ. ಆದರೆ ಅದು ವರ್ಷಗಳ ಸಾಧನೆಯಿಂದ ಒಲಿಯತಕ್ಕ ವಿದ್ಯೆ. ಅದನ್ನು ಕಲಿಯದೆ ಇಳಿಯುವವರ ಉತ್ಸಾಹಕ್ಕೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊರತೆಯಿಲ್ಲ: ಡೊಲೋರೆಸ್ ಬೀದಿಯ ಇಳಿಜಾರಿನಲ್ಲಿ ವರ್ಷಕ್ಕೊಮ್ಮೆ ಯಾರ ಅಪ್ಪಣೆಯೂ ಇಲ್ಲದೆ ಗುಂಪುಗೂಡಿ ನೇರವಾಗಿ ಧುಮುಕುವ ಯುವಕರ ಮೇಲೆ 2023ರ ಜುಲೈ ತಿಂಗಳಲ್ಲಿ ಪೊಲೀಸರು ಕೈಹಾಕಿ ನೂರಕ್ಕೂ ಹೆಚ್ಚು ಮಂದಿಯನ್ನು ಹಿಡಿದುಹಾಕಿದರು. ಅವರಲ್ಲಿ ಬಹುಪಾಲು ಎಳೆಯರು.

ಹಿಮದ ಹಲಗೆಯ ಕಥೆ ಬೇರೆ. 1965ರ ಕ್ರಿಸ್‌ಮಸ್ ದಿನ ಮಿಶಿಗನ್ ಪ್ರಾಂತ್ಯದ ಮಸ್ಕೀಗನ್ ಎಂಬಲ್ಲಿ ಶೆರ್ಮನ್ ಪೋಪೆನ್ ಎಂಬ ತಂದೆಯು ಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಮಾಡಿದ ಸ್ನರ್ಫರ್‌ನಿಂದ ಅದರ ವಂಶ ಮೊದಲಾಯಿತು. 1977ರಲ್ಲಿ ವರ್ಮಾಂಟಿನಲ್ಲಿ ಜೇಕ್ ಬರ್ಟನ್ ಅದನ್ನು ತಿದ್ದಿ ತೀಡಿ ವ್ಯಾಪಾರಕ್ಕಿಳಿಸಿದ ಮೇಲೆ, 1998ರ ನಾಗಾನೋ ಚಳಿಗಾಲದ ಒಲಿಂಪಿಕ್ಸ್ ಕ್ರೀಡೆಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು. ನಮ್ಮ ಪ್ರಸ್ತುತಕ್ಕೆ ಮುಖ್ಯವಾದದ್ದು ಅದರ ಚರಿತ್ರೆಯಲ್ಲ, ನಡೆ. ಸ್ನೋಬೋರ್ಡಿನ ತಳ ನುಣುಪು, ಅಂಚು ಹರಿತ. ತಳದ ಮೇಲೆ ಭಾರವಿಟ್ಟಾಗ ಹಲಗೆಯು ಯಾವ ದಿಕ್ಕಿಗಾದರೂ ಜಾರಬಲ್ಲದು. ಅಂಚಿನ ಮೇಲೆ ಭಾರವಿಟ್ಟಾಗ ಅದು ಹಿಮವನ್ನು ಕಚ್ಚಿ ವೇಗವನ್ನು ನುಂಗುತ್ತದೆ. ಸವಾರನು ಹಲಗೆಯನ್ನು ಇಳಿಜಾರಿಗೆ ಅಡ್ಡವಾಗಿ ತಿರುಗಿಸಿ, ಗುಡ್ಡದ ಕಡೆಯ ಅಂಚನ್ನು ಎಷ್ಟು ಒತ್ತುತ್ತಾನೋ ಅಷ್ಟು ಅದು ತಡೆಯುತ್ತದೆ. ಬ್ರೇಕೆಂಬ ಪ್ರತ್ಯೇಕವಾದ ಉಪಕರಣ ಅಲ್ಲಿಯೂ ಇಲ್ಲವೆಂಬುದು ನಿಜವೇ. ಆದರೆ ಹಲಗೆಯ ಸಮಸ್ತ ಶರೀರವೇ ಬ್ರೇಕಾಗಿದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿನ್ಯಾಸಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಸ್ಟೀನ್ ಸ್ಟ್ರ್ಯಾಂಡ್ ಎಂಬಾತನು ಇದೇ ಧರ್ಮವನ್ನು ಗಾಲಿಗಳ ಮೇಲೆ ಸಾಧಿಸುವುದು ಹೇಗೆಂದು ಯೋಚಿಸಿ ತನ್ನ ವ್ಯಾಸಂಗದ ಅಂಗವಾಗಿ ರೂಪಿಸಿದ ಹಲಗೆಯೇ ಫ್ರೀಬೋರ್ಡ್. ಅದರ ರಚನೆಯನ್ನು ತಿಳಿಯದೆ ಆಯ್ಕೆಯ ಮಾತನ್ನಾಡುವುದು ವ್ಯರ್ಥವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಹಲಗೆಯ ಮುಂದೆ ಒಂದು, ಹಿಂದೆ ಒಂದು, ಅಗಲವಾದ ಎರಡು ಅಚ್ಚುಗಳಿದ್ದು ಅವುಗಳ ತುದಿಗೆ ನಾಲ್ಕು ಗಾಲಿಗಳಿವೆ, ಇವನ್ನು ಅಂಚುಗಾಲಿಗಳೆನ್ನೋಣ. ಪ್ರತಿಯೊಂದು ಅಚ್ಚಿನ ನಡುವೆಯೂ ಮತ್ತೊಂದು ಗಾಲಿಯಿದೆ. ಅದು ಆಸ್ಪತ್ರೆಯ ತಳ್ಳುಮಂಚದ ಗಾಲಿಯಂತೆ ತನ್ನ ಕೀಲಿನ ಮೇಲೆ ಸುತ್ತಲೂ ತಿರುಗಬಲ್ಲದು, ಸ್ಪ್ರಿಂಗಿನ ಬಲದಿಂದ ನೆಲದತ್ತ ಒತ್ತಲ್ಪಟ್ಟಿರುತ್ತದೆ, ಮತ್ತು ಅಂಚುಗಾಲಿಗಳಿಗಿಂತ ಕೊಂಚ ಕೆಳಕ್ಕೆ ಚಾಚಿಕೊಂಡಿರುತ್ತದೆ. ಈ ನಡುಗಾಲಿಗಳೆರಡೂ ಸ್ನೋಬೋರ್ಡಿನ ನುಣುಪಾದ ತಳಕ್ಕೆ ಸಮಾನ. ಅಂಚುಗಾಲಿಗಳು ಅದರ ಹರಿತವಾದ ಅಂಚಿಗೆ ಸಮಾನ. ಸವಾರನು ಹಲಗೆಯನ್ನು ಅಡ್ಡಕ್ಕೆ ತಿರುಗಿಸಿ ಗುಡ್ಡದ ಕಡೆಯ ಅಂಚುಗಾಲಿಗಳ ಮೇಲೆ ವಾಲಿದಾಗ, ನಡುಗಾಲಿಗಳು ಇಳಿಜಾರಿನತ್ತ ಸರಾಗವಾಗಿ ಉರುಳುತ್ತಿದ್ದರೂ ಅಂಚುಗಾಲಿಗಳು ಉರುಳಲಾರದೆ ಅಡ್ಡಲಾಗಿ ಉಜ್ಜಿಕೊಂಡು ಬರುತ್ತವೆ. ಆ ಉಜ್ಜುವಿಕೆಯೇ ತಡೆ. ಹಲಗೆಯ ಮೇಲ್ಭಾಗದಲ್ಲಿ ಬೂಟನ್ನು ಹಿಡಿಯುವ ತೆರೆದ ಕೊಕ್ಕೆಗಳಿವೆ. ಇವನ್ನು ಬೈಂಡಿಂಗ್ ಎನ್ನುತ್ತಾರೆ. ಸ್ನೋಬೋರ್ಡಿನಲ್ಲಿರುವಂತೆ ಪಾದವನ್ನು ಬಿಗಿದು ಕಟ್ಟುವ ಪಟ್ಟಿಗಳು ಇವಲ್ಲ. ಹಲಗೆಯನ್ನು ಪಾದದಿಂದ ಮೇಲಕ್ಕೆಳೆಯಲು ಆಸರೆಯಾಗುವುವು, ಆಪತ್ತಿನಲ್ಲಿ ಕಾಲನ್ನು ಬಿಟ್ಟುಕೊಡುವುವು.

ಇನ್ನು ಯೋಗ್ಯತೆಯ ವಿಚಾರ. ನಮ್ಮ ಶಾಸ್ತ್ರಕಾರರು ಒಂದೇ ಉಪದೇಶವನ್ನು ಎಲ್ಲರಿಗೂ ಒಂದೇ ರೀತಿ ಮಾಡಲಿಲ್ಲ. ಕೇಳುವವನ ಪಕ್ವತೆಯನ್ನರಿತು ಅಧಿಕಾರಿಭೇದವನ್ನು ಒಪ್ಪಿಕೊಂಡರು. ಅಂಗಡಿಯವರೂ ತಮ್ಮದೇ ರೀತಿಯಲ್ಲಿ ಅದನ್ನು ಒಪ್ಪಿ ಹೊಸಬ, ನಡುಮಟ್ಟದವ, ಪಳಗಿದವ ಎಂದು ಮೂರು ಪಂಕ್ತಿಗಳನ್ನು ಹಾಕುತ್ತಾರೆ. ತೊಡಕಿರುವುದು ಪಂಕ್ತಿಗಳಲ್ಲಿ ಅಲ್ಲ; ತಾನು ಯಾವ ಪಂಕ್ತಿಯವನೆಂದು ಕೊಳ್ಳುವವನು ನಿರ್ಣಯಿಸಿಕೊಳ್ಳುವ ರೀತಿಯಲ್ಲಿ. ಎಷ್ಟು ವರ್ಷದಿಂದ ಸವಾರಿ ಮಾಡುತ್ತಿದ್ದೇನೆ, ಎಷ್ಟು ವೇಗವಾಗಿ ಇಳಿಯಬಲ್ಲೆ ಎಂಬ ಪ್ರಶ್ನೆಗಳನ್ನು ಕೇಳಿಕೊಂಡವನು ತನ್ನನ್ನು ತಪ್ಪದೆ ಒಂದು ಪಂಕ್ತಿ ಮೇಲಕ್ಕೆ ಕೂರಿಸಿಕೊಳ್ಳುತ್ತಾನೆ. ವೇಗವನ್ನು ಗುಡ್ಡವೇ ಕೊಡುತ್ತದೆ. ಅದರಲ್ಲಿ ಸವಾರನ ಪಾಲೇನೂ ಇಲ್ಲವೆಂಬುದನ್ನು ಮೇಲಿನ ಲೆಕ್ಕವೇ ತೋರಿಸಿತು. ಸವಾರನದೆಂದು ಹೇಳಬಹುದಾದದ್ದು ನಿಲ್ಲಿಸುವ ಶಕ್ತಿಯೊಂದೇ. ಆದಕಾರಣ ಈ ಹಲಗೆಯ ಮಟ್ಟಿಗೆ ಯೋಗ್ಯತೆಯ ಮಾನದಂಡವು ನಿಲ್ಲಿಸುವುದಲ್ಲದೆ ಮತ್ತೊಂದಲ್ಲವೆಂದು ನಾನು ಭಾವಿಸುತ್ತೇನೆ. ಸೌಮ್ಯವಾದ ಇಳಿಜಾರಿನಲ್ಲಿ ಕಣಿವೆಗೆ ಮುಖಮಾಡಿ, ಹಿಮ್ಮಡಿಯ ಕಡೆಯ ಗಾಲಿಗಳ ಮೇಲೆ ಒರಗಿ, ಇಲ್ಲಿ ನಿಲ್ಲುತ್ತೇನೆಂದು ಮೊದಲೇ ಗುರುತುಮಾಡಿಕೊಂಡ ಜಾಗದಲ್ಲಿ ಇನ್ನೂ ನಿಲ್ಲಲಾರದವನು ಹೊಸಬ. ಹಿಮ್ಮಡಿಯ ಕಡೆಗೂ ಕಾಲ್ಬೆರಳಿನ ಕಡೆಗೂ, ಎಂದರೆ ಕಣಿವೆಗೆ ಮುಖಮಾಡಿಯೂ ಬೆನ್ನುಮಾಡಿಯೂ, ಸಮಾನವಾದ ನಂಬಿಕೆಯಿಂದ ನಿಲ್ಲಬಲ್ಲವನು ನಡುಮಟ್ಟದವ. ಯಾವ ಕಾಲು ಮುಂದಿದ್ದರೂ, ಬೀದಿ ಕಡಿದಾಗಿದ್ದರೂ, ನಡುವೆ ಅಡ್ಡ ಬಂದ ವಾಹನಕ್ಕೆ ಹೆದರದೆ ನಿಲ್ಲಬಲ್ಲವನು ಪಳಗಿದವ.

ತನ್ನ ವಿಷಯದಲ್ಲಿ ತಾನೇ ತೀರ್ಪುಕೊಡುವುದು ಕಷ್ಟವೆನ್ನುವವರಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಂದಿದೆ. ಕೆಲಕಾಲ ಬಳಸಿದ ಹಲಗೆಯನ್ನು ಬೋರಲು ಹಾಕಿ ಅಂಚುಗಾಲಿಗಳನ್ನು ನೋಡಬೇಕು. ಹಿಮ್ಮಡಿಯ ಕಡೆಯ ಗಾಲಿಗಳೆರಡೂ ಸವೆದು ಚಿಕ್ಕವಾಗಿದ್ದು ಬೆರಳಿನ ಕಡೆಯವು ಹೊಸತರಂತೆ ದುಂಡಗಿದ್ದರೆ, ಆ ಹಲಗೆಯ ಒಡೆಯನು ಬಾಯಲ್ಲಿ ಏನು ಹೇಳಿದರೂ ಹೊಸಬನೇ. ಕಣಿವೆಗೆ ಬೆನ್ನುಮಾಡಿ ನಿಲ್ಲುವ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ.

ಹೊಸಬನ ಹಲಗೆಯ ವಿಷಯದಲ್ಲಿ ವಿಸ್ತಾರವಾಗಿ ಹೇಳಬೇಕಾದದ್ದಿದೆ, ಏಕೆಂದರೆ ತಪ್ಪು ಆಯ್ಕೆಯ ದಂಡವನ್ನು ಹೆಚ್ಚಾಗಿ ತೆರುವವನು ಅವನೇ. ಈ ಆಟದ ಮಹಾಭಯವೆಂದರೆ ಕಣಿವೆಯ ಕಡೆಯ ಅಂಚುಗಾಲಿಗಳು ನೆಲಕ್ಕೆ ತಗುಲುವುದು. ಹಲಗೆಯು ಅಡ್ಡವಾಗಿ ಜಾರುತ್ತಿರುವಾಗ ಗುಡ್ಡದ ಕಡೆಯ ಅಂಚುಗಾಲಿಗಳು ಮಾತ್ರ ನೆಲವನ್ನು ಉಜ್ಜುತ್ತಿದ್ದು ಕಣಿವೆಯ ಕಡೆಯವು ಗಾಳಿಯಲ್ಲಿರಬೇಕು. ಮೈ ಒಂದಿಷ್ಟು ಮುಗ್ಗರಿಸಿ ಆ ಗಾಲಿಗಳು ನೆಲವನ್ನು ಕಚ್ಚಿದವೋ, ಹಲಗೆಯು ಥಟ್ಟನೆ ನಿಲ್ಲುತ್ತದೆ, ಸವಾರನು ನಿಲ್ಲುವುದಿಲ್ಲ. ಕಣಿವೆಗೆ ಮುಖಮಾಡಿದ್ದವನು ಅಂಗೈ ಚಾಚಿ ಮುಂದಕ್ಕೆ ಬಿದ್ದು ಮಣಿಕಟ್ಟನ್ನು ಮುರಿದುಕೊಳ್ಳುತ್ತಾನೆ. ಬೆನ್ನುಮಾಡಿದ್ದವನು ಹಿಂದಕ್ಕೆ ಮಲಗಿ ತಲೆಯನ್ನು ಅಪ್ಪಳಿಸಿಕೊಳ್ಳುತ್ತಾನೆ. ಹಿಮದಲ್ಲಿಯೂ ಇದೇ ಬೀಳು ಉಂಟು, ಆದರೆ ಹಿಮ ಒಂದಿಷ್ಟು ದಯೆಯುಳ್ಳದ್ದು. ಸ್ನೋಬೋರ್ಡಿನಲ್ಲಿ ನುರಿತವರು ಡಾಂಬರಿಗೆ ಬಂದಾಗ ಹೊಸಬರಿಗಿಂತ ಬೇಗ ಕಲಿಯುವರಾದರೂ, ತಮ್ಮನ್ನು ತಾವು ಮೊದಲ ದಿನವೇ ಪಳಗಿದವರೆಂದು ಎಣಿಸಿಕೊಂಡು ಕಡಿದಾದ ಬೀದಿಗೆ ಹೋಗುವುದು ಈ ದಯೆಯನ್ನು ಮರೆತಿರುವುದರಿಂದಲೇ. ಮಾಮೂಲು ಸ್ಕೇಟ್‌ಬೋರ್ಡಿನವರದು ಇನ್ನೊಂದು ತೊಡಕು: ಹಲಗೆಯನ್ನು ವಾಲಿಸಿದರೆ ಅದು ಆ ಕಡೆಗೆ ತಿರುಗಬೇಕೆಂದು ಅವರ ಪಾದಗಳು ನಂಬಿರುತ್ತವೆ, ಇಲ್ಲಿ ವಾಲಿಸಿದರೆ ಅದು ತಡೆಯುತ್ತದೆ.

ಆದುದರಿಂದ ಹೊಸಬನು ನೋಡಬೇಕಾದ ಮೊದಲನೆಯ ಸಂಗತಿ ನಡುಗಾಲಿಗಳು ಅಂಚುಗಾಲಿಗಳಿಗಿಂತ ಎಷ್ಟು ಕೆಳಕ್ಕೆ ಚಾಚಿವೆಯೆಂಬುದು. ಲೆಕ್ಕದ ಅನುಕೂಲಕ್ಕಾಗಿ ನಡುಗಾಲಿಯಿಂದ ಅಂಚುಗಾಲಿಗೆ 10 ಸೆಂಟಿಮೀಟರು ಅಂತರವೆಂದು ಇಟ್ಟುಕೊಳ್ಳೋಣ. ನಡುಗಾಲಿ 5 ಮಿಲಿಮೀಟರು ಚಾಚಿದ್ದರೆ ಹಲಗೆಯು ಸುಮಾರು 3 ಡಿಗ್ರಿ ವಾಲಿದೊಡನೆ ಅಂಚುಗಾಲಿ ನೆಲ ಮುಟ್ಟುತ್ತದೆ. 10 ಮಿಲಿಮೀಟರು ಚಾಚಿದ್ದರೆ ಸುಮಾರು 6 ಡಿಗ್ರಿ ವಾಲಬೇಕು. ಹೆಚ್ಚು ಚಾಚಿದಷ್ಟೂ ಕಣಿವೆಯ ಕಡೆಯ ಗಾಲಿಗಳು ನೆಲದಿಂದ ದೂರವುಳಿದು ಬೀಳು ವಿರಳವಾಗುತ್ತದೆ, ಆದರೆ ಹಲಗೆಯು ನಡುಗಾಲಿಗಳ ಮೇಲೆ ಓಲಾಡಿ ನಿಲ್ಲುವುದೇ ಕಷ್ಟವಾಗುತ್ತದೆ; ಕಡಮೆ ಚಾಚಿದಷ್ಟೂ ನಿಂತ ಕಾಲಿಗೆ ಭದ್ರವೆನಿಸುತ್ತದೆ, ಆದರೆ ಜಾರುವಾಗ ಅಪಾಯ ಹತ್ತಿರವಾಗುತ್ತದೆ. ಅಂಗಡಿಯ ಸಮತಟ್ಟಾದ ನೆಲದ ಮೇಲೆ ನಿಂತು ನೋಡುವ ಹೊಸಬನಿಗೆ ಎರಡನೆಯದೇ ಹಿತವೆನಿಸುವುದು ಸ್ವಾಭಾವಿಕ. ಆ ಹಿತವನ್ನು ನಂಬಬಾರದು. ಓಲಾಟವು ಕೆಲವು ದಿನಗಳ ಅಭ್ಯಾಸದಿಂದ ಅಡಗುತ್ತದೆ. ಕಚ್ಚಿ ಬಿದ್ದ ಭಯ ಹಾಗೆ ಬೇಗ ಅಡಗುವುದಿಲ್ಲ, ಭಯಗೊಂಡ ಮೈ ಸೆಟೆದುಕೊಂಡು ಮತ್ತೆ ಅದೇ ತಪ್ಪನ್ನು ಮಾಡುತ್ತದೆ. ಆದಕಾರಣ ಈ ಎತ್ತರವನ್ನು ನಟ್ಟು ತಿರುಗಿಸಿ ಏರಿಸಿಳಿಸಲು ಅವಕಾಶವಿರುವ ಹಲಗೆಯನ್ನೇ ಆರಿಸಿಕೊಂಡು, ತೀರ ಓಲಾಡದಷ್ಟು ಮಟ್ಟಿಗೆ ನಡುಗಾಲಿಯನ್ನು ಚಾಚಿಸಿಟ್ಟು ಮೊದಲುಮಾಡುವುದು ಸಮೀಚೀನ.

ಇದಕ್ಕೆ ಅಂಟಿಕೊಂಡೇ ಸ್ಪ್ರಿಂಗಿನ ಬಿಗುವಿನ ಪ್ರಶ್ನೆ ಬರುತ್ತದೆ, ಮತ್ತು ಇಲ್ಲಿ ಸವಾರನ ಅಭ್ಯಾಸಕ್ಕಿಂತ ಅವನ ತೂಕ ಮುಖ್ಯ. ಭಾರವಾದ ಆಳು ಹತ್ತಿದರೆ ಸಡಿಲವಾದ ಸ್ಪ್ರಿಂಗು ಕುಗ್ಗಿ ನಡುಗಾಲಿಗಳು ಒಳಕ್ಕೆ ಸರಿಯುತ್ತವೆ. ಕಾಗದದ ಮೇಲೆ ಎಷ್ಟು ಚಾಚಿದೆಯೆಂದು ಬರೆದಿದ್ದರೂ ಬೀದಿಯಲ್ಲಿ ಅದು ಇರುವುದಿಲ್ಲ. ಹಗುರವಾದ ಮಗು ಹತ್ತಿದರೆ ಬಿಗಿಯಾದ ಸ್ಪ್ರಿಂಗು ಕುಗ್ಗದೆ, ಒತ್ತಬೇಕೆಂದಾಗ ಅಂಚುಗಾಲಿಯ ಮೇಲೆ ಸಾಕಷ್ಟು ಭಾರವೇ ಬೀಳದೆ, ಹಲಗೆಯು ತಡೆಯಲು ಒಲ್ಲೆನೆನ್ನುತ್ತದೆ. ಒಂದೇ ಮನೆಯಲ್ಲಿ ಅಣ್ಣನ ಹಲಗೆಯನ್ನು ತಮ್ಮನು ಹತ್ತುವಾಗ ಈ ಬಿಗುವನ್ನು ಬದಲಿಸದಿದ್ದರೆ ತಮ್ಮನ ಪಾಲಿಗೆ ಅದು ಬ್ರೇಕಿಲ್ಲದ ಹಲಗೆಯೇ ಸರಿ. ಮಕ್ಕಳು ಬೆಳೆಯುತ್ತಾರೆಂದು ಒಂದಳತೆ ದೊಡ್ಡದಾದ ಅಂಗಿಯನ್ನು ಹೊಲಿಸುವ ನಮ್ಮ ಮಿತವ್ಯಯದ ಪದ್ಧತಿಯನ್ನು ಇಲ್ಲಿಗೆ ತರುವುದು ಯುಕ್ತವಲ್ಲ.

ಹಲಗೆಯ ಉದ್ದವು ಸಾಮಾನ್ಯವಾಗಿ 75ರಿಂದ 85 ಸೆಂಟಿಮೀಟರುಗಳ ನಡುವೆ ಇರುತ್ತದೆ. ಅಚ್ಚುಗಳ ನಡುವಣ ದೂರ ಹೆಚ್ಚಿದಷ್ಟೂ ಹಲಗೆಯು ನಿಧಾನವಾಗಿ ತಿರುಗುತ್ತದೆ, ಸ್ಥಿರವಾಗಿ ಸಾಗುತ್ತದೆ, ತಗ್ಗಿದಷ್ಟೂ ಚುರುಕಾಗುತ್ತದೆ. ಹೊಸಬನಿಗೆ ಸ್ಥಿರತೆಯೇ ಬೇಕಾದುದರಿಂದ ಉದ್ದವಾದದ್ದು ಮೇಲೆನ್ನಿಸಬಹುದಾದರೂ, ಪಾದಗಳೆರಡೂ ಭುಜದಗಲಕ್ಕಿಂತ ಕೊಂಚ ಹೆಚ್ಚಾಗಿ ಚಾಚಿ ಅಚ್ಚುಗಳ ಸಮೀಪಕ್ಕೆ ಬೀಳುವಂತಿರಬೇಕೆಂಬುದೇ ನಿಜವಾದ ಅಳತೆ. ಗಿಡ್ಡನೆಯವನು ಉದ್ದನೆಯ ಹಲಗೆಯ ನಡುಭಾಗದಲ್ಲಿ ಕಾಲು ಕೂಡಿಸಿ ನಿಂತರೆ ಅದನ್ನು ತಿರುಗಿಸುವ ಹಿಡಿತವೇ ಅವನಿಗೆ ದೊರೆಯದು. ಮೇಪಲ್ ಮರದ ಪದರಗಳನ್ನು ಅಂಟಿಸಿ ಮಾಡಿದ ಹಲಗೆ ಸೆಡೆತದ್ದು, ಬಿದಿರಿನದು ಕೊಂಚ ಬಳುಕುವಂಥದು ಎಂಬುದು ವಾಡಿಕೆಯ ಮಾತು. ಬಳುಕು ಬೀದಿಯ ಒರಟನ್ನು ಪಾದಕ್ಕೆ ಮುಟ್ಟಗೊಡದು. ಸೆಡೆತವು ಪಾದದ ಆಜ್ಞೆಯನ್ನು ಗಾಲಿಗೆ ತಡವಿಲ್ಲದೆ ಮುಟ್ಟಿಸುತ್ತದೆ. ಮೊದಲ ವರ್ಷದಲ್ಲಿ ಈ ಭೇದಕ್ಕಾಗಿ ಹೆಚ್ಚಿನ ಹಣ ಸುರಿಯಬೇಕಾಗಿಲ್ಲ. ಬೈಂಡಿಂಗನ್ನು ಮಾತ್ರ ಬಿಡತಕ್ಕದ್ದಲ್ಲ. ಕಾಲು ಸಿಕ್ಕಿಬಿದ್ದೀತೆಂಬ ಅಂಜಿಕೆಯಿಂದ ಅದನ್ನು ಬಿಚ್ಚಿಟ್ಟು ಕಲಿಯಹೋಗುವವರುಂಟು. ಆದರೆ ಕಣಿವೆಯ ಕಡೆಯ ಅಂಚನ್ನು ಮೇಲಕ್ಕೆತ್ತಿ ಹಿಡಿಯಲು ಪಾದಕ್ಕೆ ನೆರವಾಗುವುದು ಅದೇ ಕೊಕ್ಕೆ. ತೊಟ್ಟಿರುವ ಬೂಟಿನ ದಪ್ಪಕ್ಕೆ ಅದನ್ನು ಹೊಂದಿಸಿ, ಕಾಲನ್ನು ಬೇಕೆಂದಾಗ ಸೆಳೆದುಕೊಳ್ಳಬರುವಷ್ಟು ಸಡಿಲವಾಗಿಟ್ಟರೆ ಸಾಕು.

ನಡುಮಟ್ಟಕ್ಕೆ ಬಂದವನು ಹೊಸ ಹಲಗೆಯನ್ನು ಕೊಳ್ಳಬೇಕಾಗಿಲ್ಲವೆಂದು ಹೇಳಿದರೆ ಅಂಗಡಿಯವರು ನನ್ನ ಮೇಲೆ ಮುನಿಸಿಕೊಂಡಾರು. ಆದರೂ ಸತ್ಯವಿರುವುದು ಹಾಗೆಯೇ. ಅವನಿಗೆ ಬೇಕಾದದ್ದು ಇದ್ದ ಹಲಗೆಗೆ ಬೇರೆ ಗಾಲಿಗಳು ಮತ್ತು ಬೇರೆ ಹೊಂದಾಣಿಕೆ. ಗಾಲಿಗಳನ್ನು ಪಾಲಿಯೂರೆಥೇನ್ ಎಂಬ ದ್ರವ್ಯದಿಂದ ಮಾಡುತ್ತಾರೆ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬ ಯುವಕನು ಅದನ್ನು ಸ್ಕೇಟ್‌ಬೋರ್ಡಿಗೆ ತರುವವರೆಗೆ ಜೇಡಿಮಣ್ಣಿನ ಮತ್ತು ಲೋಹದ ಗಾಲಿಗಳ ಮೇಲೆ ಹಲ್ಲು ಕಡಿದುಕೊಂಡು ಸಾಗಬೇಕಾಗಿತ್ತು. ಅದರ ಗಡಸುತನವನ್ನು ಶೋರ್ ಮಾಪನದ ಎ ಶ್ರೇಣಿಯಲ್ಲಿ ಹೇಳುತ್ತಾರೆ: 78ರ ಆಸುಪಾಸಿನದು ಮೆದು, 100ರ ಆಸುಪಾಸಿನದು ಗಡಸು. ಮೆದುವಾದದ್ದು ಡಾಂಬರನ್ನು ಹಿಡಿದುಕೊಳ್ಳುತ್ತದೆ, ಗಡಸಾದದ್ದು ಜಾರುತ್ತದೆ. ಹೊಸಬನಿಗೆ ಇವೆರಡರ ನಡುವಣದು ಒಳ್ಳೆಯದು. ತೀರ ಮೆದುವಾದರೆ ಹಲಗೆ ಜರ್ರನೆ ತಡೆದು ಮುಗ್ಗರಿಸುವಂತೆ ಮಾಡುತ್ತದೆ, ತೀರ ಗಡಸಾದರೆ ನಿಲ್ಲುವುದೇ ಇಲ್ಲ. ನಡುಮಟ್ಟದವನು ತನ್ನ ಬೀದಿಯ ಕಡಿದನ್ನು ಅರಿತು ಮೆದು ಗಾಲಿಯತ್ತ ಸರಿಯಬಹುದು, ಏಕೆಂದರೆ ಒತ್ತಡವನ್ನು ಹದವಾಗಿ ಹಂಚುವುದು ಅವನ ಪಾದಕ್ಕೆ ತಿಳಿದಿದೆ. ನಡುಗಾಲಿಗಳ ಚಾಚನ್ನೂ ಅವನು ಕ್ರಮೇಣ ತಗ್ಗಿಸಿಕೊಳ್ಳುತ್ತಾನೆ. ಅಂಚಿನಿಂದ ಅಂಚಿಗೆ ಹೊರಳುವ ಹಾದಿ ಕಿರಿದಾಗಿ ನಡೆ ಚುರುಕಾಗುತ್ತದೆ.

ಅಂಚುಗಾಲಿಗಳು ಉಜ್ಜಿಕೊಂಡೇ ಬದುಕುವುವಾದುದರಿಂದ ಸವೆಯುತ್ತಲೇ ಇರುತ್ತವೆ. ಗಾಲಿಯ ವ್ಯಾಸ 4 ಮಿಲಿಮೀಟರು ಸವೆದರೆ ನಡುಗಾಲಿಯು ಅದಕ್ಕಿಂತ 2 ಮಿಲಿಮೀಟರು ಹೆಚ್ಚಾಗಿ ಚಾಚಿದಂತಾಯಿತು. ಯಾವ ನಟ್ಟನ್ನೂ ಮುಟ್ಟದಿದ್ದರೂ ಹಲಗೆಯ ಸ್ವಭಾವ ಬದಲಾಯಿತು. ಸವಾರನಿಗೆ ಇದು ದಿನದಿನಕ್ಕೆ ತಿಳಿಯುವುದಿಲ್ಲ. ಆದರೆ ಸವೆದ ನಾಲ್ಕನ್ನೂ ತೆಗೆದು ಒಂದು ಬೆಳಿಗ್ಗೆ ಹೊಸ ಗಾಲಿಗಳನ್ನು ಹಾಕಿದನೆಂದರೆ, ನಡುಗಾಲಿಯ ಚಾಚು ಏಕಾಏಕಿ ಕುಗ್ಗಿ, ನಿನ್ನೆಯವರೆಗೆ ವಿನೀತವಾಗಿದ್ದ ಹಲಗೆ ಇಂದು ಕಚ್ಚತೊಡಗುತ್ತದೆ. ಹೊಸ ಗಾಲಿ ಹಾಕಿದ ದಿನ ನಡುಗಾಲಿಯನ್ನು ಮತ್ತೆ ಕೆಳಕ್ಕೆ ಹೊಂದಿಸಿಕೊಂಡು, ಹಳೆಯ ಸೌಮ್ಯವಾದ ಬೀದಿಯಲ್ಲೇ ಒಂದೆರಡು ಸಲ ಇಳಿದು ನೋಡುವುದು ಅನುಭವಿಗಳ ಪದ್ಧತಿ. ಒಂದು ಬದಿಯವು ಹೆಚ್ಚು ಸವೆದಿದ್ದರೆ ಗಾಲಿಗಳನ್ನು ಬದಿ ಬದಲಿಸಿ ಹಾಕುವುದರಿಂದ ಅವುಗಳ ಆಯುಷ್ಯವೂ ಹೆಚ್ಚುತ್ತದೆ.

ಪಳಗಿದವನಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಗಿಡ್ಡವಾದ ಹಲಗೆ, ತುದಿಗಳೆರಡೂ ಮೇಲಕ್ಕೆ ಬಾಗಿದ ಆಕಾರ, ಬಿಗಿಯಾದ ಸ್ಪ್ರಿಂಗು, ಕಡಮೆ ಚಾಚು ಎಂದು ತನಗೆ ಬೇಕಾದದ್ದನ್ನು ಅವನು ತಾನೇ ಬಲ್ಲ. ಇತರರು ಅವನ ಹಲಗೆಯನ್ನು ನೋಡಿ ಅಂಥದನ್ನೇ ಕೊಳ್ಳದಿದ್ದರಾಯಿತು.

ಬೇರಿಂಗಿನ ವಿಷಯದಲ್ಲಿ ನಡೆಯುವ ವ್ಯಾಪಾರದ ಮಾತೊಂದನ್ನು ಇಲ್ಲಿಯೇ ಹೇಳಿಬಿಡಬಹುದು. ಈ ಗಾಲಿಗಳೊಳಗಿನ ಬೇರಿಂಗು 608 ಎಂಬ ಸಾಮಾನ್ಯವಾದ ಅಳತೆಯದು: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿಲಿಮೀಟರು. ಅದರ ಡಬ್ಬಿಯ ಮೇಲೆ ಎಬಿಇಸಿ 5, 7, 9 ಎಂದು ಅಚ್ಚುಹಾಕಿ ಅಂಕೆ ಏರಿದಂತೆ ಬೆಲೆಯನ್ನೂ ಏರಿಸುತ್ತಾರೆ. ಆ ಅಂಕೆಯು ಯಂತ್ರದ ಅಳತೆಗಳು ಎಷ್ಟು ನಿಖರವೆಂಬುದನ್ನು ಹೇಳುವುದೇ ಹೊರತು ಹಲಗೆ ಎಷ್ಟು ವೇಗವಾಗಿ ಓಡೀತೆಂಬುದನ್ನಲ್ಲ. ಉಜ್ಜುತ್ತ, ಧೂಳು ಮೆತ್ತಿಕೊಳ್ಳುತ್ತ ಬಾಳುವ ಗಾಲಿಗೆ ಆ ನಿಖರತೆಯಿಂದ ಬರುವ ಲಾಭ ಅತ್ಯಲ್ಪ. ಉಳಿದ ಹಣವನ್ನು ಹೆಲ್ಮೆಟ್ಟಿಗೆ ಕೊಡಬಹುದು. ಕ್ಯಾಲಿಫೋರ್ನಿಯಾದಲ್ಲಿ 18 ವರ್ಷ ತುಂಬದವರು ಬೀದಿಯಲ್ಲಿ ಸ್ಕೇಟ್‌ಬೋರ್ಡು ಹತ್ತಿದರೆ ಹೆಲ್ಮೆಟ್ ಧರಿಸಲೇಬೇಕೆಂಬ ಕಾನೂನೇ ಇದೆ. ಸ್ಕೇಟ್‌ಬೋರ್ಡಿಗೆಂದೇ ಮಾಡಿದ ಹೆಲ್ಮೆಟ್ ತಲೆಯ ಹಿಂಭಾಗವನ್ನೂ ತಗ್ಗಿನವರೆಗೆ ಮುಚ್ಚುವುದರಿಂದ, ಬೆನ್ನ ಮೇಲೆ ಬೀಳುವ ಸಂಭವವಿರುವ ಈ ಆಟಕ್ಕೆ ಅದೇ ತಕ್ಕದ್ದು. ಒಳಗಡೆ ಎಎಸ್‌ಟಿಎಂ ಎಫ್ 1492 ಎಂಬ ಗುರುತಿದೆಯೇ ಎಂದು ನೋಡಿಕೊಳ್ಳಬೇಕು. ಮಣಿಕಟ್ಟಿನ ಕವಚವೂ ಮಂಡಿಯ ಕವಚವೂ ಮೊದಲ ವರ್ಷ ಐಚ್ಛಿಕವೆಂದು ತಿಳಿಯಬಾರದು.

ಕಲಿಯುವ ಬೀದಿಯೂ ಆಯ್ಕೆಯ ಒಂದು ಭಾಗವೇ. ನೂರು ಮೀಟರಿಗೆ ನಾಲ್ಕೈದು ಮೀಟರು ಮಾತ್ರ ಇಳಿಯುವ, ಕೊನೆಯಲ್ಲಿ ಸಮತಟ್ಟಾಗಿ ಹರಡಿಕೊಳ್ಳುವ, ಅಡ್ಡರಸ್ತೆಯಿಲ್ಲದ, ನುಣುಪಾದ ಡಾಂಬರಿನ ಹಾದಿ ಬೇಕು. ಮರಳಿನ ಕಾಳುಗಳು ಚದುರಿದ್ದಲ್ಲಿ ಗಾಲಿಗಳು ಹಿಡಿತ ತಪ್ಪುತ್ತವೆ, ಮಳೆಯಲ್ಲಿ ನೆನೆದ ಬೀದಿಯ ಮೇಲೆ ಪಾಲಿಯೂರೆಥೇನಿನ ಹಿಡಿತವನ್ನು ನಂಬುವಂತಿಲ್ಲ. ಈ ಲಕ್ಷಣಗಳನ್ನು ಎಣಿಸುತ್ತಿರುವಾಗಲೇ ನಮ್ಮ ನಾಡಿನ ಬೀದಿಗಳ ಮೇಲೆ ಈ ಹಲಗೆ ಏಕೆ ಕಾಣಸಿಗುವುದಿಲ್ಲವೆಂಬುದೂ ತಿಳಿಯುತ್ತದೆ. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಕಲೆಕ್ಟಿವ್ ಎಂಬ ಯುವಕರ ತಂಡ ಸ್ಕೇಟ್‌ಬೋರ್ಡಿನ ಅಂಗಣಗಳನ್ನು ಕಟ್ಟುವ ಕೆಲಸದಲ್ಲಿ ತೊಡಗಿದ್ದರೂ, ಆ ಕಾಂಕ್ರೀಟಿನ ಬೋಗುಣಿಗಳು ನಾಲ್ಕು ಗಾಲಿಯವರಿಗೆ ಸೇರಿದವು; ಆರು ಗಾಲಿಯವರಿಗೆ ಬೇಕಾದ ಉದ್ದನೆಯ ಇಳಿಜಾರು ನಮ್ಮಲ್ಲಿ ದೊರೆಯುವುದು ಘಾಟಿ ರಸ್ತೆಗಳಲ್ಲಿ, ಮತ್ತು ಅಲ್ಲಿ ಬಸ್ಸು ಲಾರಿಗಳದೇ ರಾಜ್ಯ. ಕ್ಯಾಲಿಫೋರ್ನಿಯಾದಿಂದ ಹಲಗೆಯನ್ನು ತಂದು ಇಲ್ಲಿ ಕಲಿಯುವೆನೆಂಬ ಸಾಹಸ ಬೇಡ.

ಹಳೆಯ ಹಲಗೆಯನ್ನು ಕೊಳ್ಳುವುದರಲ್ಲಿ ದೋಷವೇನೂ ಇಲ್ಲ. ಹೊಸಬನು ಹೇಗೂ ಅದನ್ನು ಬೀಳಿಸಿ ಕೆರೆದು ಹಾಳುಮಾಡುವವನಾದುದರಿಂದ ಅದೇ ಜಾಣತನವೆಂದು ನನ್ನ ಅಭಿಪ್ರಾಯ. ನಡುಗಾಲಿಗಳು ಸುತ್ತಲೂ ಎಲ್ಲಿಯೂ ತಡೆಯದೆ ತಿರುಗುತ್ತವೆಯೇ, ಕೀಲಿನಲ್ಲಿ ಅಲುಗಾಟವಿದೆಯೇ, ಅಚ್ಚುಗಳನ್ನು ಬಿಗಿದ ಬೋಲ್ಟುಗಳ ಸುತ್ತ ಮರ ಬಿರಿದಿದೆಯೇ, ನಾಲ್ಕು ಅಂಚುಗಾಲಿಗಳು ಹೆಚ್ಚುಕಡಮೆ ಒಂದೇ ಅಳತೆಯಲ್ಲಿವೆಯೇ ಎಂದು ನೋಡಿಕೊಂಡರೆ ಸಾಕು. ಕೊನೆಯದಾಗಿ, ಕೊಳ್ಳುವವನ ಮನೆ ಎಲ್ಲಿದೆಯೆಂಬ ಪ್ರಶ್ನೆಯುಂಟು. ಸ್ಯಾಕ್ರಮೆಂಟೋದಂಥ ಸಮತಟ್ಟಾದ ಊರಿನಲ್ಲಿರುವವನಿಗೆ ಫ್ರೀಬೋರ್ಡು ಎಷ್ಟೇ ಯೋಗ್ಯತೆಯಿದ್ದರೂ ನಿಷ್ಪ್ರಯೋಜಕ, ಏಕೆಂದರೆ ಅದನ್ನು ಓಡಿಸುವುದು ಗುಡ್ಡವೇ. ಅಂಥವರಿಗೆ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಹುಟ್ಟಿದ ಕಾರ್ವರ್ ಮಾದರಿಯ ಹಲಗೆಗಳು ಮೇಲು. ಅವುಗಳ ಮುಂದಿನ ಅಚ್ಚು ಬದಿಯಿಂದ ಬದಿಗೆ ತೂಗುವುದರಿಂದ, ಕಾಲನ್ನು ನೆಲಕ್ಕಿಡದೆ ಸೊಂಟವನ್ನು ತಿರುವುತ್ತಲೇ ಸಮನೆಲದ ಮೇಲೆ ಮುಂದುವರಿಯಬಹುದು.